ಟಿವಿ ಚಿತ್ರದ ಅಂಚು ಎಲ್ಲಿ ಹೋಗುತ್ತದೆ?

ಪ್ರಶ್ನೆ: ಕಳೆದ ತಿಂಗಳು 43 ಇಂಚಿನ ಹೊಸ ಟಿವಿ ತಂದೆವು. ಎಚ್‌ಡಿಎಂಐ ಕೇಬಲ್ ಹಾಕಿ ಲ್ಯಾಪ್‌ಟಾಪ್ ಜೋಡಿಸಿದರೆ ಕೆಳಗಿನ ಟಾಸ್ಕ್‌ಬಾರ್ ಅರ್ಧ ಮಾತ್ರ ಕಾಣುತ್ತದೆ. ವಿಂಡೋ ಮುಚ್ಚುವ ಗುಂಡಿ ಬಲ ಮೂಲೆಯಲ್ಲಿ ಪೂರ್ತಿ ಮಾಯ. ಸುದ್ದಿ ಚಾನೆಲ್‌ಗಳಲ್ಲಿ ಕೆಳಗೆ ಓಡುವ ಅಕ್ಷರಗಳ ಒತ್ತುಗಳು ಕತ್ತರಿಸಿಹೋಗುತ್ತವೆ. ಸರ್ವೀಸ್‌ನವರು ಬಂದು ಲ್ಯಾಪ್‌ಟಾಪಿನಲ್ಲೇ ಏನೋ ಬದಲಿಸಿ ಚಿತ್ರವನ್ನು ಚಿಕ್ಕದು ಮಾಡಿಕೊಟ್ಟರು. ಈಗ ಎಲ್ಲವೂ ಕಾಣುತ್ತದೆ, ಆದರೆ ಅಕ್ಷರಗಳು ಮಸುಕು. ಟಿವಿಯಲ್ಲೇ ದೋಷವಿದೆಯೇ? ವಾಪಸ್ ಕೊಡಬೇಕೇ?

ಉತ್ತರ: ವಾಪಸ್ ಕೊಡುವ ಅಗತ್ಯವಿಲ್ಲ. ಟಿವಿ ಕೆಟ್ಟಿಲ್ಲ. ಬಂದ ಚಿತ್ರವನ್ನು ನಾಲ್ಕೂ ಕಡೆ ಸ್ವಲ್ಪ ಸ್ವಲ್ಪ ಕತ್ತರಿಸಿ, ಉಳಿದದ್ದನ್ನು ಎಳೆದು ಪರದೆ ತುಂಬಿಸು ಎಂದು ಕಾರ್ಖಾನೆಯಲ್ಲೇ ಅದಕ್ಕೆ ಹೇಳಿಟ್ಟಿದ್ದಾರೆ. ಇದಕ್ಕೆ ಓವರ್‌ಸ್ಕ್ಯಾನ್ ಎಂದು ಹೆಸರು. ರಿಮೋಟ್ ಹಿಡಿದು ಕೂತರೆ ನಿಲ್ಲಿಸಲು ಎರಡು ನಿಮಿಷ ಸಾಕು. ನಿಮ್ಮಲ್ಲಿಗೆ ಬಂದವರು ಟಿವಿಯಲ್ಲಿ ಮಾಡಬೇಕಾದ್ದನ್ನು ಲ್ಯಾಪ್‌ಟಾಪಿನಲ್ಲಿ ಮಾಡಿಹೋದರು, ಅಕ್ಷರ ಮಸುಕಾಗಿದ್ದು ಅದರಿಂದ. ಏನು ಬದಲಿಸಬೇಕು ಎನ್ನುವುದಕ್ಕೆ ಮೊದಲು ಈ ಕತ್ತರಿ ಟಿವಿಯೊಳಗೆ ಹೇಗೆ ಬಂತು ಎನ್ನುವುದನ್ನು ಹೇಳುತ್ತೇನೆ. ಅದು ಗೊತ್ತಿದ್ದರೆ ನಾಳೆ ಬೇರೆ ಯಾವ ಟಿವಿ ಎದುರು ಕೂತರೂ ನೀವೇ ಸರಿಮಾಡಿಕೊಳ್ಳಬಹುದು.

ನಾನು ಕೆಲಸ ಕಲಿತದ್ದು ಪಿಕ್ಚರ್ ಟ್ಯೂಬ್ ಟಿವಿಗಳ ಮೇಲೆ. ಟ್ಯೂಬಿನ ಕತ್ತಿನಿಂದ ಹೊರಟ ಎಲೆಕ್ಟ್ರಾನ್ ಕಿರಣವನ್ನು ಸುತ್ತಲಿನ ತಾಮ್ರದ ಸುರುಳಿಗಳು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಬಾಗಿಸುತ್ತಿದ್ದವು. ಆ ಕಿರಣ ಗಾಜಿನ ಒಳಮೈಗೆ ಬಳಿದ ಫಾಸ್ಫರ್ ಮೇಲೆ ಒಂದರ ಕೆಳಗೊಂದು ಗೆರೆ ಎಳೆಯುತ್ತಾ ಚಿತ್ರ ಮೂಡಿಸುತ್ತಿತ್ತು. ಗೆರೆ ಎಲ್ಲಿ ಶುರುವಾಗಬೇಕು, ಎಲ್ಲಿ ಮುಗಿಯಬೇಕು ಎನ್ನುವುದು ಸುರುಳಿಯಲ್ಲಿ ಹರಿಯುವ ಕರೆಂಟಿನ ಮೇಲೆ ನಿಂತಿತ್ತು. ಸೆಟ್ ಬಿಸಿಯಾದರೆ ಆ ಕರೆಂಟ್ ತುಸು ಬದಲಾಗುತ್ತದೆ. ಕೆಪಾಸಿಟರ್ ಹಳೆಯದಾದರೆ ಬದಲಾಗುತ್ತದೆ. ಮನೆಯ ವೋಲ್ಟೇಜ್ ಇಳಿದರೂ ಬದಲಾಗುತ್ತದೆ. ಅದರ ಜೊತೆ ಚಿತ್ರದ ಗಾತ್ರವೂ ಬದಲಾಗುತ್ತದೆ.

ಒಂದು ಸೆಟ್ಟು ರಿಪೇರಿಯಾಗಿ ಬೆಂಚಿನ ಮೇಲೆ ಕೂತರೆ ಎದುರಿಗೆ ಒಂದು ಕನ್ನಡಿ ಇಟ್ಟುಕೊಳ್ಳುತ್ತಿದ್ದೆವು. ಗಾತ್ರ ಹೊಂದಿಸುವ ಪುಟ್ಟ ಪ್ರೀಸೆಟ್ ಹಿಂಬದಿಯ ಬೋರ್ಡಿನಲ್ಲಿರುತ್ತಿತ್ತು, ಚಿತ್ರ ಮುಂದೆ. ಪ್ಲಾಸ್ಟಿಕ್ ಸ್ಕ್ರೂಡ್ರೈವರ್ ತಿರುಗಿಸುತ್ತಾ ಕನ್ನಡಿಯಲ್ಲಿ ನೋಡಬೇಕು. ಪರೀಕ್ಷಾ ಚಿತ್ರ ಕೊಡುವ ಪ್ಯಾಟರ್ನ್ ಜನರೇಟರಿನಿಂದ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಗೆರೆಗಳ ಜಾಲ ಹಾಕಿ, ಹೊರಗಿನ ಗೆರೆ ಚೌಕಟ್ಟಿನ ಅಂಚಿಗೆ ಕೂದಲೆಳೆಯಷ್ಟು ಒಳಗೆ ಬರುವಂತೆ ನಿಲ್ಲಿಸಿದೆ ಎಂದುಕೊಳ್ಳಿ. ಎಲ್ಲ ಅಚ್ಚುಕಟ್ಟು. ಜನರೇಟರಿನ ಗುಂಡಿ ಒತ್ತಿ ಪರದೆಯನ್ನು ಪೂರ್ತಿ ಬಿಳಿ ಮಾಡಿದ ಕ್ಷಣವೇ ಚಿತ್ರ ಊದಿಕೊಂಡು ಚೌಕಟ್ಟಿನಾಚೆ ಹೋಗುತ್ತಿತ್ತು. ಮತ್ತೆ ಕಪ್ಪು ಮಾಡಿದರೆ ಕುಗ್ಗಿ ಒಳಗೆ ಬರುತ್ತಿತ್ತು. ‘ಚಿತ್ರ ಉಸಿರಾಡುತ್ತಿದೆ’ ಎನ್ನುತ್ತಿದ್ದೆವು. ಚಿತ್ರ ಬೆಳ್ಳಗಾದಾಗ ಕಿರಣದ ಕರೆಂಟ್ ಏರುತ್ತದೆ, ಟ್ಯೂಬಿಗೆ ಕೊಟ್ಟ ಇಪ್ಪತ್ತು ಸಾವಿರಕ್ಕೂ ಹೆಚ್ಚು ವೋಲ್ಟ್ ಆ ಭಾರಕ್ಕೆ ಸ್ವಲ್ಪ ಕುಸಿಯುತ್ತದೆ. ವೋಲ್ಟೇಜ್ ಕುಸಿದಾಗ ಎಲೆಕ್ಟ್ರಾನುಗಳ ವೇಗ ತಗ್ಗುತ್ತದೆ, ನಿಧಾನವಾದ ಎಲೆಕ್ಟ್ರಾನು ಅದೇ ಸುರುಳಿಗೆ ಹೆಚ್ಚು ಬಾಗುತ್ತದೆ, ಚಿತ್ರ ಹಿಗ್ಗುತ್ತದೆ. ಒಳ್ಳೆಯ ಸೆಟ್ಟುಗಳಲ್ಲಿ ಕಡಿಮೆ, ಅಗ್ಗದವುಗಳಲ್ಲಿ ಜಾಸ್ತಿ. ಈ ಉಸಿರಾಟ ಪೂರ್ತಿ ಇಲ್ಲದ ಟ್ಯೂಬ್ ಸೆಟ್ಟನ್ನು ನಾನು ಕಂಡಿಲ್ಲ.

ಇಂಥ ಚಿತ್ರವನ್ನು ಚೌಕಟ್ಟಿಗೆ ಸರಿಯಾಗಿ ಕೂರಿಸಿ ಕಳಿಸಿದರೆ ಆರು ತಿಂಗಳಲ್ಲಿ ಗಿರಾಕಿಗೆ ಸುತ್ತಲೂ ಕಪ್ಪು ಪಟ್ಟಿ ಕಾಣುತ್ತದೆ. ಅದಕ್ಕೇ ಎಲ್ಲರೂ ಚಿತ್ರವನ್ನು ಬೇಕೆಂದೇ ದೊಡ್ಡದು ಮಾಡಿ, ಅಂಚನ್ನು ಚೌಕಟ್ಟಿನ ಹಿಂದೆ ಅಡಗಿಸಿಡುತ್ತಿದ್ದರು. ಆ ಕಾಲಕ್ಕೆ ಅದು ತಿಳಿದವರು ಮಾಡಿದ, ಸರಿಯಾದ ಕೆಲಸ.

ಕಾರ್ಯಕ್ರಮ ತಯಾರಿಸುವವರೂ ಇದಕ್ಕೆ ಹೊಂದಿಕೊಂಡರು. ಮನೆಯ ಟಿವಿಯಲ್ಲಿ ಅಂಚು ಕಾಣುವುದಿಲ್ಲ ಎಂದಮೇಲೆ ಮುಖ್ಯವಾದದ್ದನ್ನು ಅಂಚಿನಿಂದ ದೂರ ಇಡಬೇಕಲ್ಲ. ಅಮೆರಿಕದ ಚಲನಚಿತ್ರ ಮತ್ತು ಟೆಲಿವಿಷನ್ ಎಂಜಿನಿಯರುಗಳ ಸಂಘ ಎಸ್‌ಎಂಪಿಟಿಇ ಹಾಕಿಕೊಟ್ಟ ಹಳೆಯ ಗೆರೆಯ ಪ್ರಕಾರ ಮುಖ್ಯ ದೃಶ್ಯ ಚಿತ್ರದ ನಡುವಿನ 90 ಶೇಕಡಾ ಅಗಲ-ಎತ್ತರದೊಳಗೆ, ಅಕ್ಷರಗಳು 80 ಶೇಕಡಾದೊಳಗೆ ಇರಬೇಕಿತ್ತು. ಅಗಲಪರದೆಯ ಕಾಲಕ್ಕೆ, 2009ರಲ್ಲಿ, ಆ ಸಂಘ ಇದನ್ನು 93 ಮತ್ತು 90ಕ್ಕೆ ಸಡಿಲಿಸಿತು. ಯುರೋಪಿನ ಪ್ರಸಾರ ಒಕ್ಕೂಟದ ಆರ್ 95 ಶಿಫಾರಸಿನ ಲೆಕ್ಕವೂ ಇದೇ: ದೃಶ್ಯಕ್ಕೆ ಪ್ರತಿ ಅಂಚಿನಿಂದ ಮೂರೂವರೆ ಶೇಕಡಾ, ಅಕ್ಷರಕ್ಕೆ 5 ಶೇಕಡಾ ಜಾಗ ಬಿಡಬೇಕು. ಸಂಕಲನದ ಸಾಫ್ಟ್‌ವೇರುಗಳಲ್ಲಿ ಚಿತ್ರದ ಮೇಲೆ ಕಾಣುವ ಎರಡು ತೆಳು ಚೌಕಗಳು ಇವೇ.

ಇದರಿಂದ ಒಂದು ಕೆಟ್ಟ ವರ್ತುಲ ಹುಟ್ಟಿತು. ಅಂಚು ಯಾರಿಗೂ ಕಾಣುವುದಿಲ್ಲ ಎಂದು ಕಾರ್ಯಕ್ರಮ ತಯಾರಕರು ಅಂಚನ್ನು ಶುಚಿಯಾಗಿಡುವ ಗೋಜಿಗೆ ಹೋಗಲಿಲ್ಲ. ಅಂಚು ಶುಚಿಯಾಗಿಲ್ಲ ಎಂದು ಟಿವಿ ಕಂಪನಿಗಳು ಅದನ್ನು ಮರೆಮಾಡುತ್ತಲೇ ಹೋದವು. ಟ್ಯೂಬ್ ಹೋಯಿತು, ಪ್ಲಾಸ್ಮಾ ಬಂತು, ಎಲ್‌ಸಿಡಿ ಬಂತು, ಓಎಲ್‌ಇಡಿ ಬಂತು. ವರ್ತುಲ ಹಾಗೇ ಉಳಿಯಿತು.

ಈಗ ನಿಮ್ಮ ಟಿವಿಗೆ ಬರೋಣ. ಅದರ ಪರದೆ ಎಣಿಸಿಟ್ಟ ಪಿಕ್ಸೆಲ್‌ಗಳ ಜಾಲ. ಫುಲ್ ಎಚ್‌ಡಿ ಎಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080. ಲ್ಯಾಪ್‌ಟಾಪಿನಿಂದ ಬರುವುದೂ 1920×1080. ಬಂದ ಒಂದೊಂದು ಪಿಕ್ಸೆಲಿಗೂ ಪರದೆಯಲ್ಲಿ ಅದರದೇ ಒಂದು ಮನೆ ಇದೆ. ವೋಲ್ಟೇಜ್ ಇಳಿದರೂ, ವರ್ಷ ಹತ್ತಾದರೂ ಈ ಮನೆ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಕತ್ತರಿಸಲು ತಾಂತ್ರಿಕ ಕಾರಣ ಒಂದೂ ಉಳಿದಿಲ್ಲ. ಆದರೂ ಟಿವಿ ಕತ್ತರಿಸುತ್ತದೆ.

ಎಷ್ಟು ಕತ್ತರಿಸುತ್ತದೆ ಎನ್ನುವುದು ಮಾದರಿಯಿಂದ ಮಾದರಿಗೆ ಬೇರೆ. ಲೆಕ್ಕಕ್ಕೆ ಪ್ರತಿ ಅಂಚಿನಲ್ಲಿ ಎರಡೂವರೆ ಶೇಕಡಾ ಎಂದು ಹಿಡಿಯೋಣ. ಕೇಳಲು ಏನೂ ಅಲ್ಲ. ಎಡಕ್ಕೆ 48 ಪಿಕ್ಸೆಲ್, ಬಲಕ್ಕೆ 48, ಮೇಲೆ 27 ಸಾಲು, ಕೆಳಗೆ 27 ಸಾಲು. ಉಳಿದದ್ದು 1824×1026. ಒಟ್ಟು ಚಿತ್ರದಲ್ಲಿ ಹತ್ತನೇ ಒಂದು ಪಾಲಿನಷ್ಟು, ನಿಖರವಾಗಿ 9.75 ಶೇಕಡಾ, ಕಸದ ಬುಟ್ಟಿಗೆ ಹೋಯಿತು. ವಿಂಡೋಸಿನ ಟಾಸ್ಕ್‌ಬಾರ್ ಎತ್ತರ ಆವೃತ್ತಿ ನೋಡಿಕೊಂಡು 40ರಿಂದ 48 ಪಿಕ್ಸೆಲ್. 27 ಹೋದರೆ ಅರ್ಧಕ್ಕಿಂತ ಹೆಚ್ಚು ಹೋಯಿತು. ವಿಂಡೋ ಮುಚ್ಚುವ ಗುಂಡಿಯ ಅಗಲ ಸುಮಾರು 46 ಪಿಕ್ಸೆಲ್. ಬಲಕ್ಕೆ 48 ಹೋದರೆ ಗುಂಡಿಗೆ ಗುಂಡಿಯೇ ಹೋಯಿತು. ನೀವು ಬರೆದ ಲಕ್ಷಣಕ್ಕೆ ಇದು ಇಷ್ಟು ಸರಿಯಾಗಿ ಕೂರುವುದರಿಂದಲೇ ಟಿವಿ ಕಣ್ಣಾರೆ ನೋಡದಿದ್ದರೂ ಇದೇ ಕಾರಣ ಎಂದು ಧೈರ್ಯವಾಗಿ ಹೇಳುತ್ತಿದ್ದೇನೆ.

ಕತ್ತರಿಸುವುದಕ್ಕಿಂತ ನನಗೆ ಹೆಚ್ಚು ನೋವಾಗುವುದು ಆಮೇಲೆ ನಡೆಯುವ ಎಳೆದಾಟ ಕಂಡಾಗ. 1824 ಪಿಕ್ಸೆಲುಗಳನ್ನು 1920 ಮನೆಗಳಲ್ಲಿ ತುಂಬಬೇಕು. ಭಾಗಿಸಿದರೆ 19ಕ್ಕೆ 20. ಹತ್ತೊಂಬತ್ತು ಜನರನ್ನು ಇಪ್ಪತ್ತು ಕುರ್ಚಿಯಲ್ಲಿ, ಒಂದೂ ಖಾಲಿ ಬಿಡದೆ ಕೂರಿಸಬೇಕು. ಯಾರೂ ತಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂರಲಾಗುವುದಿಲ್ಲ. ಒಬ್ಬೊಬ್ಬರೂ ಪಕ್ಕದ ಕುರ್ಚಿಗೆ ಸ್ವಲ್ಪ ಸ್ವಲ್ಪ ಜರುಗಬೇಕು. ಪರದೆಯಲ್ಲಿ ಆಗುವುದೂ ಅದೇ. ಬಿಳಿಯ ಮೇಲಿನ ಒಂದು ಪಿಕ್ಸೆಲ್ ದಪ್ಪದ ಕಪ್ಪು ಗೆರೆ ಎರಡು ಬೂದು ಗೆರೆಗಳಾಗಿ ಹಂಚಿಹೋಗುತ್ತದೆ. ಇಪ್ಪತ್ತು ಪಿಕ್ಸೆಲಿಗೊಮ್ಮೆ ಮಾತ್ರ ಲೆಕ್ಕ ಸರಿಹೋಗಿ ಗೆರೆ ಚೂಪಾಗುತ್ತದೆ, ಮತ್ತೆ ಮಸುಕಾಗುತ್ತದೆ. ಪರದೆಯ ಅಗಲದಲ್ಲಿ ಹೀಗೆ 96 ಸಲ ಚೂಪು-ಮಸುಕು, ಚೂಪು-ಮಸುಕು.

ಸಿನಿಮಾ ನೋಡುವಾಗ ಇದು ಕಣ್ಣಿಗೆ ಬೀಳುವುದು ಕಡಿಮೆ. ಅಕ್ಷರದಲ್ಲಿ ತಕ್ಷಣ ಬೀಳುತ್ತದೆ. ನಮ್ಮ ಲಿಪಿಗೆ ಈ ಪೆಟ್ಟು ಹೆಚ್ಚು. ‘ಷ’ ಮತ್ತು ‘ಪ’ ನಡುವಿನ ವ್ಯತ್ಯಾಸ ಒಳಗಿನ ಒಂದು ಸಣ್ಣ ಗೆರೆ. ‘ದ’ಕ್ಕೂ ‘ಧ’ಕ್ಕೂ ನಡುವೆ ಇರುವುದು ಹೊಟ್ಟೆಯ ಕೆಳಗಿನ ಒಂದು ಸೀಳು. ಚಿಕ್ಕ ಅಕ್ಷರದಲ್ಲಿ ಆ ಗೆರೆ, ಆ ಸೀಳು ಒಂದೇ ಪಿಕ್ಸೆಲ್ ಆಗಿರುತ್ತದೆ. ಅದು ಎರಡು ಬೂದು ಪಿಕ್ಸೆಲಾಗಿ ಕರಗಿದರೆ ಓದುವವರು ಸಂದರ್ಭ ನೋಡಿ ಊಹಿಸಿಕೊಳ್ಳಬೇಕು. ಒತ್ತಕ್ಷರಗಳ ಪಾಡಂತೂ ಹೇಳುವುದೇ ಬೇಡ.

ನಿಮ್ಮ ಲ್ಯಾಪ್‌ಟಾಪಿನಲ್ಲಿ ಈಗ ಏನಾಗಿದೆ ನೋಡಿ. ಗ್ರಾಫಿಕ್ಸ್ ಸಾಫ್ಟ್‌ವೇರಿನಲ್ಲಿ ಒಂದು ಸ್ಲೈಡರ್ ಎಳೆದು, 1920×1080ರ ಡೆಸ್ಕ್‌ಟಾಪನ್ನು ಸುಮಾರು 1824×1026ಕ್ಕೆ ಹಿಂಡಿ, ಸುತ್ತ ಕಪ್ಪು ಅಂಚು ಇಟ್ಟಿದ್ದಾರೆ. ಟಿವಿ ಎಂದಿನಂತೆ ಅಂಚು ಕತ್ತರಿಸುತ್ತದೆ, ಹೋಗುವುದು ಬರೀ ಕಪ್ಪು. ಉಳಿದದ್ದನ್ನು ಎಳೆದು 1920×1080 ಮಾಡುತ್ತದೆ. ಎಲ್ಲವೂ ಕಾಣುತ್ತದೆ, ನಿಜ. ಆದರೆ 20 ಪಿಕ್ಸೆಲನ್ನು 19ಕ್ಕೆ ಹಿಂಡಿ, ಆ 19ನ್ನು ಮತ್ತೆ 20ಕ್ಕೆ ಎಳೆದಂತಾಯಿತು. ಹಿಂಡುವಾಗ ಕಳೆದುಹೋದ ವಿವರ ಎಳೆದರೆ ವಾಪಸ್ ಬರುವುದಿಲ್ಲ. ಮೊದಲು ಒಂದು ಪದರ ಮಸುಕಿತ್ತು, ಈಗ ಎರಡು. ಟಿವಿಯ ತಪ್ಪನ್ನು ಲ್ಯಾಪ್‌ಟಾಪಿನಲ್ಲಿ ತಿದ್ದಬಾರದು ಎಂದು ನಾನು ಸಿಕ್ಕವರಿಗೆಲ್ಲ ಹೇಳುವುದು ಇದಕ್ಕೇ.

ಹಾಗಾದರೆ ಇದು ಕಂಪ್ಯೂಟರ್ ಎಂದು ಟಿವಿಗೆ ಗೊತ್ತಾಗುವುದಿಲ್ಲವೇ ಎಂದು ಕೇಳಬಹುದು. ಗೊತ್ತಾಗಲು ದಾರಿ ಇದೆ. ಎಚ್‌ಡಿಎಂಐ ಬಳಸುವ ಸಿಇಎ-861 ಎಂಬ ಮಾನದಂಡದಲ್ಲಿ ಚಿತ್ರದ ಜೊತೆ ಒಂದು ಪುಟ್ಟ ಮಾಹಿತಿ ಪೊಟ್ಟಣವೂ ಹೋಗುತ್ತದೆ. ‘ಈ ಚಿತ್ರವನ್ನು ಅಂಚು ಕತ್ತರಿಸಿ ತೋರಿಸಲೆಂದು ಮಾಡಿದ್ದು’ ಅಥವಾ ‘ಪೂರ್ತಿ ತೋರಿಸಲೆಂದು ಮಾಡಿದ್ದು’ ಎಂದು ಹೇಳಲು ಅದರಲ್ಲಿ ಎರಡು ಬಿಟ್ ಮೀಸಲಿವೆ. ಬಹಳಷ್ಟು ಸಾಧನಗಳು ಅಲ್ಲಿ ‘ಏನೂ ಹೇಳಿಲ್ಲ’ ಎಂಬ ಸೊನ್ನೆ ಕಳಿಸುತ್ತವೆ. ಕಳಿಸಿದರೂ ಅನೇಕ ಟಿವಿಗಳು ಕಿವಿಗೆ ಹಾಕಿಕೊಳ್ಳುವುದಿಲ್ಲ. ಮೇಲಾಗಿ ಅದೇ ಮಾನದಂಡ 720, 1080ರಂಥ ಸಿಗ್ನಲ್‌ಗಳನ್ನು ಟಿವಿ ಬಗೆಯವು ಎಂದು ವರ್ಗೀಕರಿಸುತ್ತದೆ. 1920×1200ರಂಥ ಅಳತೆ ಬಂದರೆ ಕಂಪ್ಯೂಟರ್ ಎಂದು ಟಿವಿ ಗುರುತಿಸುತ್ತದೆ, ಕತ್ತರಿಸುವುದಿಲ್ಲ. 1920×1080 ಬಂದರೆ ಅದು ಲ್ಯಾಪ್‌ಟಾಪೋ ಸೆಟ್‌ಟಾಪ್ ಬಾಕ್ಸೋ ಎಂದು ನೋಡದೆ ಕತ್ತರಿ ಹಾಕುತ್ತದೆ.

ಈಗ ಮಾಡಬೇಕಾದ್ದು. ಮೊದಲು ಲ್ಯಾಪ್‌ಟಾಪಿನಲ್ಲಿ ಅವರು ಮಾಡಿದ್ದನ್ನು ಅಳಿಸಿ. ಎಎಂಡಿ ಗ್ರಾಫಿಕ್ಸ್ ಇದ್ದರೆ ಎಚ್‌ಡಿಎಂಐ ಸ್ಕೇಲಿಂಗ್ ಎಂಬ ಸ್ಲೈಡರ್ ಸೊನ್ನೆಗೆ ಬರಲಿ. ಎನ್‌ವಿಡಿಯಾದಲ್ಲಿ ಡೆಸ್ಕ್‌ಟಾಪ್ ಗಾತ್ರ ಮತ್ತು ಸ್ಥಾನ ಬದಲಿಸುವ ಪುಟ ಇರುತ್ತದೆ. ಇಂಟೆಲಿನಲ್ಲಿ ಸ್ಕೇಲಿಂಗ್ ಆಯ್ಕೆಗಳ ಕೆಳಗೆ ಹುಡುಕಿ. ಮ್ಯಾಕ್ ಆದರೆ ಡಿಸ್‌ಪ್ಲೇ ಸೆಟ್ಟಿಂಗ್ಸಿನ ಅಂಡರ್‌ಸ್ಕ್ಯಾನ್ ಪಟ್ಟಿ. ರೆಸಲ್ಯೂಶನ್ ಟಿವಿ ಪರದೆಯದೇ ಇರಲಿ: ಫುಲ್ ಎಚ್‌ಡಿಗೆ 1920×1080, 4ಕೆಗೆ 3840×2160. ಇದನ್ನು ಮಾಡಿದ ಕೂಡಲೇ ಟಾಸ್ಕ್‌ಬಾರ್ ಮತ್ತೆ ಅರ್ಧ ಕತ್ತರಿಸಿಹೋಗುತ್ತದೆ. ಗಾಬರಿ ಬೇಡ, ಹಾಗೇ ಆಗಬೇಕು.

ಆಮೇಲೆ ಲ್ಯಾಪ್‌ಟಾಪಿನ ಚಿತ್ರ ಪರದೆಯ ಮೇಲೆ ಇರುವಾಗಲೇ ಟಿವಿ ರಿಮೋಟಿನಲ್ಲಿ ಪಿಕ್ಚರ್ ಅಥವಾ ಸ್ಕ್ರೀನ್ ಸೆಟ್ಟಿಂಗ್ಸ್ ತೆರೆಯಿರಿ. ಬೇಕಾದ ಆಯ್ಕೆಗೆ ಒಬ್ಬೊಬ್ಬರು ಒಂದೊಂದು ಹೆಸರಿಟ್ಟಿದ್ದಾರೆ. ಜನ ಇದನ್ನು ಹುಡುಕಲಾರದೆ ಸೋಲುವುದಕ್ಕೆ ಮುಖ್ಯ ಕಾರಣವೇ ಈ ಹೆಸರುಗಳು, ಇದು ನನಗೆ ಬಹಳ ಬೇಸರದ ವಿಷಯ. ಎಲ್‌ಜಿಯಲ್ಲಿ ಆಸ್ಪೆಕ್ಟ್ ರೇಶಿಯೋ ಕೆಳಗೆ ‘ಜಸ್ಟ್ ಸ್ಕ್ಯಾನ್’. ಸ್ಯಾಮ್‌ಸಂಗಿನ ಹಳೆಯ ಮಾದರಿಗಳಲ್ಲಿ ‘ಸ್ಕ್ರೀನ್ ಫಿಟ್’, ಹೊಸದರಲ್ಲಿ ಪಿಕ್ಚರ್ ಸೈಜ್ ಒಳಗೆ ‘ಫಿಟ್ ಟು ಸ್ಕ್ರೀನ್’. ಸೋನಿಯಲ್ಲಿ ‘ಡಿಸ್‌ಪ್ಲೇ ಏರಿಯಾ’ ಎಂಬುದನ್ನು ‘ಫುಲ್ ಪಿಕ್ಸೆಲ್’ ಮಾಡಬೇಕು. ಶಾರ್ಪ್‌ನವರು ‘ಡಾಟ್ ಬೈ ಡಾಟ್’ ಎಂದರು. ಇದ್ದವುಗಳಲ್ಲಿ ಅರ್ಥ ನೇರವಾಗಿ ಹೇಳುವ ಹೆಸರು ಅದೇ. ಫಿಲಿಪ್ಸ್‌ನ ಹಲವು ಮಾದರಿಗಳಲ್ಲಿ ‘ಅನ್‌ಸ್ಕೇಲ್ಡ್’. ಪ್ಯಾನಸಾನಿಕ್ ಮತ್ತು ಹೈಸೆನ್ಸ್‌ನಲ್ಲಿ ‘ಓವರ್‌ಸ್ಕ್ಯಾನ್’ ಎಂದೇ ಇರುತ್ತದೆ, ಅದನ್ನು ಆಫ್ ಮಾಡಿದರಾಯಿತು. ಇಲ್ಲಿ ಒಂದು ಎಚ್ಚರ ಇರಲಿ. ಜಸ್ಟ್ ಸ್ಕ್ಯಾನನ್ನು ಆನ್ ಮಾಡಬೇಕು, ಓವರ್‌ಸ್ಕ್ಯಾನನ್ನು ಆಫ್ ಮಾಡಬೇಕು. ಆಯ್ಕೆ ಬೂದಾಗಿದ್ದು ಒತ್ತಲು ಬರದಿದ್ದರೆ ಚಿತ್ರದ ಅಳತೆ 16:9 ಬಿಟ್ಟು ಜೂಮ್‌ನಂಥ ಬೇರೆಯದರಲ್ಲಿರಬಹುದು. ಮೊದಲು 16:9ಕ್ಕೆ ತನ್ನಿ.

ಇನ್ನೊಂದು ದಾರಿಯೂ ಇದೆ. ಹಲವು ಟಿವಿಗಳಲ್ಲಿ ಎಚ್‌ಡಿಎಂಐ ಇನ್‌ಪುಟ್‌ನ ಹೆಸರನ್ನೋ ಚಿಹ್ನೆಯನ್ನೋ ‘ಪಿಸಿ’ ಎಂದು ಬದಲಿಸಿದರೆ ಟಿವಿಯ ನಡತೆಯೇ ಬದಲಾಗುತ್ತದೆ. ಸ್ಯಾಮ್‌ಸಂಗ್, ಎಲ್‌ಜಿ ಎರಡರಲ್ಲೂ ಹೀಗಿದೆ. ಅಂಚು ಕತ್ತರಿಸುವುದು ನಿಲ್ಲುತ್ತದೆ, ಜೊತೆಗೆ ಬಣ್ಣದ ವಿವರವನ್ನೂ ಪೂರ್ತಿ ಉಳಿಸಿಕೊಳ್ಳುತ್ತದೆ. ವಿಡಿಯೋಗೆಂದು ಟಿವಿ ಬಣ್ಣದ ಮಾಹಿತಿಯನ್ನು ಅರ್ಧಕ್ಕೋ ಕಾಲಿಗೋ ಇಳಿಸಿ ನೋಡುವುದುಂಟು. ನೀಲಿ ಹಿನ್ನೆಲೆಯ ಮೇಲಿನ ಕೆಂಪು ಅಕ್ಷರ ಅದರಿಂದ ಕಲಸಿದಂತೆ ಕಾಣುತ್ತದೆ. ಓವರ್‌ಸ್ಕ್ಯಾನ್ ನಿಲ್ಲಿಸಿದ ಮೇಲೂ ಕಪ್ಪು-ಬಿಳುಪು ಅಕ್ಷರ ಚೂಪಾಗಿದ್ದು ಬಣ್ಣದ ಅಕ್ಷರ ಮಾತ್ರ ಮಸುಕು ಎಂದರೆ ಕಾರಣ ಇದು. ಅಕ್ಷರದ ಸುತ್ತ ಬಿಳಿ ಪ್ರಭೆ ಇದ್ದರೆ ಶಾರ್ಪ್‌ನೆಸ್ ತಗ್ಗಿಸಿ.

ಸರಿಯಾಯಿತೋ ಇಲ್ಲವೋ ಎಂದು ಕಣ್ಣಂದಾಜಿನಲ್ಲಿ ಹೇಳಬೇಡಿ, ಪರೀಕ್ಷಿಸಿ. ಪೇಂಟ್‌ನಂಥ ಯಾವ ಪ್ರೋಗ್ರಾಮಿನಲ್ಲಾದರೂ 1920×1080ರ (4ಕೆ ಕಳಿಸುತ್ತಿದ್ದರೆ 3840×2160ರ) ಖಾಲಿ ಹಾಳೆ ತೆರೆಯಿರಿ. ತೀರಾ ಹೊರ ಅಂಚಿನಲ್ಲಿ ಸುತ್ತಲೂ ಒಂದೇ ಪಿಕ್ಸೆಲ್ ದಪ್ಪದ ಕೆಂಪು ಗೆರೆ ಎಳೆಯಿರಿ. ನಡುವೆ ಒಂದು ಚೌಕದಲ್ಲಿ ಒಂದು ಪಿಕ್ಸೆಲ್ ಕಪ್ಪು, ಒಂದು ಬಿಳಿ, ಒಂದು ಕಪ್ಪು, ಒಂದು ಬಿಳಿ ಹೀಗೆ ಉದ್ದ ಗೆರೆಗಳನ್ನು ತುಂಬಿಸಿ. ಒಂದೆರಡು ಗೆರೆ ಎಳೆದು ನಕಲು ಮಾಡುತ್ತಾ ಹೋದರೆ ಬೇಗ ಮುಗಿಯುತ್ತದೆ. ಪಿಎನ್‌ಜಿಯಾಗಿ ಉಳಿಸಿ, ಜೆಪೆಗ್ ಮಾಡಿದರೆ ಗೆರೆಗಳು ಅದರಲ್ಲೇ ಕಲಸಿಹೋಗುತ್ತವೆ. ಲ್ಯಾಪ್‌ಟಾಪಿನಿಂದ ಪೂರ್ತಿ ಪರದೆಗೆ, ಹಿಗ್ಗಿಸದೆ ತೋರಿಸಿ, ಟಿವಿ ಹತ್ತಿರ ಹೋಗಿ ಮೂಗು ತಾಗುವಷ್ಟು ಸಮೀಪದಿಂದ ನೋಡಿ. ನಾಲ್ಕೂ ಕಡೆ ಕೆಂಪು ಗೆರೆ ಕಂಡರೆ ಏನೂ ಕತ್ತರಿಸಿಲ್ಲ. ಗೆರೆಗಳ ಚೌಕ ಒಂದೇ ಸಮನೆ ಇದ್ದರೆ, ದೂರದಿಂದ ನೋಡಿದಾಗ ಹದವಾದ ಬೂದಿ ಬಣ್ಣವಾಗಿ ಕಂಡರೆ, ಒಂದಕ್ಕೊಂದು ಪಿಕ್ಸೆಲ್ ಕೂತಿದೆ. ಅದರಲ್ಲಿ ದಟ್ಟ-ತಿಳಿ ಪಟ್ಟೆಗಳು ಎದ್ದರೆ ಎಲ್ಲೋ ಇನ್ನೂ ಎಳೆದಾಟ ನಡೆದಿದೆ. ಕೆಂಪು ಗೆರೆ ಪೂರ್ತಿ ಕಂಡು ಪಟ್ಟೆಯೂ ಕಂಡರೆ ಲ್ಯಾಪ್‌ಟಾಪಿನ ಸ್ಲೈಡರ್ ಸೊನ್ನೆಗೆ ಬಂದಿಲ್ಲ, ಅಥವಾ ಲ್ಯಾಪ್‌ಟಾಪ್ ಕಳಿಸುತ್ತಿರುವ ಅಳತೆ ಪರದೆಯದಲ್ಲ.

ಓಎಲ್‌ಇಡಿ ಟಿವಿ ಇಟ್ಟುಕೊಂಡವರು ಈ ಪರೀಕ್ಷೆ ಮಾಡಿದರೆ ಕೆಂಪು ಗೆರೆ ಒಂದು ಕಡೆ ಮಾಯವಾಗಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕಾಣಿಸಿಕೊಳ್ಳಬಹುದು. ಒಂದೇ ಚಿತ್ರ ನಿಂತು ಪರದೆಯಲ್ಲಿ ಗುರುತು ಉಳಿಯದಿರಲೆಂದು ಆ ಟಿವಿಗಳು ಇಡೀ ಚಿತ್ರವನ್ನು ಆಗಾಗ ಕೆಲವು ಪಿಕ್ಸೆಲ್ ಸರಿಸುತ್ತವೆ. ಅದು ಓವರ್‌ಸ್ಕ್ಯಾನ್ ಅಲ್ಲ, ಪರದೆಯ ಒಳ್ಳೆಯದಕ್ಕೆ ಇರುವುದು, ಹಾಗೇ ಬಿಡಿ.

ನಿಮ್ಮದು ಫುಲ್ ಎಚ್‌ಡಿಯೋ 4ಕೆಯೋ ಬರೆದಿಲ್ಲ. 4ಕೆ ಆಗಿದ್ದು ಲ್ಯಾಪ್‌ಟಾಪ್ 3840×2160 ಕಳಿಸಬಲ್ಲದಾದರೆ ಹಾಗೇ ಕಳಿಸಿ. ಆ ಸಿಗ್ನಲನ್ನು ಕತ್ತರಿಸದ ಟಿವಿಗಳು ಬಹಳ. 1080 ಕಳಿಸಿದರೂ ಓವರ್‌ಸ್ಕ್ಯಾನ್ ಇಲ್ಲದಿದ್ದರೆ ಒಂದು ಪಿಕ್ಸೆಲಿಗೆ ಅಡ್ಡಕ್ಕೆ ಎರಡು, ಉದ್ದಕ್ಕೆ ಎರಡು, ಸರಿಯಾಗಿ ನಾಲ್ಕು ಮನೆ ಸಿಗುತ್ತದೆ, ಲೆಕ್ಕ ಸಲೀಸು. ಇನ್ನು ಎಚ್‌ಡಿ ರೆಡಿ ಎಂದು ಮಾರುವ ಚಿಕ್ಕ ಟಿವಿಗಳ ಪರದೆ 1366×768. ಅದು 720ಕ್ಕೂ ಹೊಂದುವುದಿಲ್ಲ, 1080ಕ್ಕೂ ಹೊಂದುವುದಿಲ್ಲ. ಅಲ್ಲಿ ಓವರ್‌ಸ್ಕ್ಯಾನ್ ನಿಲ್ಲಿಸಿದರೆ ಅಂಚು ಮರಳಿ ಬರುತ್ತದೆ, ಪೂರ್ತಿ ಚೂಪು ಬರುವುದಿಲ್ಲ. ಕಂಪ್ಯೂಟರಿನಿಂದ 1360×768 ಕಳಿಸಿ ನೋಡಬಹುದು. ಟಿವಿ ಒಪ್ಪಿದರೆ ಅಕ್ಷರ ಗಮನಾರ್ಹವಾಗಿ ತಿಳಿಯಾಗುತ್ತದೆ.

ಸುದ್ದಿ ಚಾನೆಲ್‌ನ ವಿಷಯ ಬೇರೆಯಾಗಿ ನೋಡಬೇಕು. ಅಕ್ಷರಕ್ಕೆ ಅಂಚಿನಿಂದ 5 ಶೇಕಡಾ ಜಾಗ ಬಿಟ್ಟಿದ್ದರೆ ಎರಡೂವರೆ ಶೇಕಡಾ ಕತ್ತರಿಸಿದರೂ ಒತ್ತುಗಳು ಉಳಿಯಬೇಕಿತ್ತು. ಉಳಿದಿಲ್ಲ ಎಂದರೆ ಚಾನೆಲ್‌ನವರು ಪಟ್ಟಿಯನ್ನು ಸುರಕ್ಷಿತ ಗೆರೆಯಾಚೆಗೆ ತಳ್ಳಿರಬೇಕು, ಇಲ್ಲವೇ ಟಿವಿಗೆ ಮೊದಲೇ ಸೆಟ್‌ಟಾಪ್ ಬಾಕ್ಸ್ ಕೂಡ ಚಿತ್ರವನ್ನು ಹಿಗ್ಗಿಸುತ್ತಿರಬೇಕು. ಬಾಕ್ಸಿನ ಮೆನುವಿನಲ್ಲಿ ಅಳತೆ 16:9, ಔಟ್‌ಪುಟ್ 1080 ಇದೆಯೇ, ಜೂಮ್ ಅಥವಾ ಪ್ಯಾನ್-ಸ್ಕ್ಯಾನ್ ಆಗಿದೆಯೇ ನೋಡಿ. ಗುರುತು ಹಿಡಿಯುವುದು ಸುಲಭ. ನಾಲ್ಕೂ ಕಡೆ ಸಮನಾಗಿ ಕತ್ತರಿಸಿದ್ದರೆ ಓವರ್‌ಸ್ಕ್ಯಾನ್. ಎರಡು ಬದಿಯಲ್ಲಿ ಎಲ್ಲ ಸರಿ ಇದ್ದು ಮೇಲೆ-ಕೆಳಗೆ ಮಾತ್ರ ಕತ್ತರಿಸಿದ್ದರೆ, ಮುಖಗಳೂ ಅಡ್ಡಡ್ಡ ಊದಿದಂತಿದ್ದರೆ, ಅದು ಅಳತೆ ಹೊಂದಿಸುವಲ್ಲಿನ ಎಡವಟ್ಟು. ಟಿವಿ ಈ ಸೆಟ್ಟಿಂಗನ್ನು ಸಾಮಾನ್ಯವಾಗಿ ಒಂದೊಂದು ಇನ್‌ಪುಟ್‌ಗೆ ಬೇರೆ ಬೇರೆಯಾಗಿ, ಕೆಲವು ಮಾದರಿಗಳಲ್ಲಿ ಒಂದೊಂದು ಸಿಗ್ನಲ್ ಬಗೆಗೂ ಬೇರೆಯಾಗಿ ನೆನಪಿಟ್ಟುಕೊಳ್ಳುತ್ತದೆ. ಎಚ್‌ಡಿಎಂಐ ಒಂದರಲ್ಲಿ ಲ್ಯಾಪ್‌ಟಾಪಿಗೆ ಸರಿಮಾಡಿದ್ದು ಎರಡರಲ್ಲಿನ ಬಾಕ್ಸಿಗೆ ತಾನಾಗಿ ಅನ್ವಯಿಸುವುದಿಲ್ಲ. ಎರಡರಲ್ಲೂ ಮಾಡಿ.

ಓವರ್‌ಸ್ಕ್ಯಾನ್ ಬೇಕಾಗುವ ಸಂದರ್ಭ ಇಲ್ಲವೇ ಇಲ್ಲ ಎನ್ನಲಾರೆ. ಹಳೆಯ ಎಸ್‌ಡಿ (ಎಚ್‌ಡಿಗೆ ಮೊದಲಿನ, ಕಡಿಮೆ ಸಾಲುಗಳ) ರೆಕಾರ್ಡಿಂಗುಗಳನ್ನು ಪೂರ್ತಿ ತೆರೆದು ನೋಡಿದರೆ ಅಂಚಿನಲ್ಲಿ ಏನೇನೋ ಕಾಣುತ್ತದೆ. ವಿಎಚ್‌ಎಸ್ ಕ್ಯಾಸೆಟ್ಟಿನಿಂದ ತಂದ ಚಿತ್ರದ ತಳದಲ್ಲಿ ಕೆಲವು ಸಾಲು ಹರಿದಂತೆ ನಡುಗುತ್ತಿರುತ್ತವೆ. ಅಲ್ಲಿ ಪ್ಲೇಯರಿನಲ್ಲಿ ಟೇಪ್ ಓದುವ ಒಂದು ಹೆಡ್ ಇನ್ನೊಂದಕ್ಕೆ ಕೆಲಸ ಒಪ್ಪಿಸುತ್ತದೆ. 625 ಗೆರೆಯ ಪದ್ಧತಿಯಲ್ಲಿ ಚಿತ್ರ ಅಗಲಪರದೆಯದು ಎಂದು ಟಿವಿಗೆ ತಿಳಿಸುವ ಸಂಕೇತವನ್ನು 23ನೇ ಗೆರೆಯ ಮೊದಲರ್ಧದಲ್ಲಿ ಕಳಿಸುತ್ತಿದ್ದರು. ಅದು ಚಿತ್ರದ ನೆತ್ತಿಯ ಎಡಕ್ಕೆ ಮಿನುಗುವ ಬಿಳಿ ತುಂಡುಗಳಾಗಿ ಕಾಣುತ್ತದೆ. ಎಸ್‌ಡಿ ಚಿತ್ರ ಅಡ್ಡಕ್ಕೆ 720 ಪಿಕ್ಸೆಲ್ ಎಂದು ಎಣಿಸಿದರೂ ಅದರಲ್ಲಿ ನಿಜವಾದ ಚಿತ್ರ ಸುಮಾರು 702 ಮಾತ್ರ; ಉಳಿದದ್ದು ಎರಡು ಬದಿಯ ಕಪ್ಪು ಎಳೆ. ಇಂಥವನ್ನು ನೋಡುವಾಗ ಕಣ್ಣಿಗೆ ಕಿರಿಕಿರಿಯಾದರೆ ಆ ಇನ್‌ಪುಟ್‌ನಲ್ಲಿ ಮಾತ್ರ ಓವರ್‌ಸ್ಕ್ಯಾನ್ ಇಟ್ಟುಕೊಳ್ಳಿ. ಅಲ್ಲಿ ಹೇಗೂ 576 ಸಾಲುಗಳನ್ನು 1080ಕ್ಕೆ ಎಳೆಯಲೇಬೇಕು, ಇನ್ನೊಂದಿಷ್ಟು ಎಳೆದರೆ ನಷ್ಟ ತಿಳಿಯುವುದಿಲ್ಲ.

ಎಚ್‌ಡಿಗೆ ಈ ಸಮರ್ಥನೆಯನ್ನು ನಾನು ಒಪ್ಪುವುದಿಲ್ಲ. ಎಚ್‌ಡಿ ಚಿತ್ರದಲ್ಲೂ ಸಂಸ್ಕರಣೆಯ ಫಿಲ್ಟರುಗಳಿಂದ ಅಂಚು ಕೊಂಚ ಕೆಡಬಹುದು ಎಂದು ಎಸ್‌ಎಂಪಿಟಿಇ ತನ್ನ 1080ರ ಮಾನದಂಡದಲ್ಲಿ ಮೊದಲೇ ಯೋಚಿಸಿ, 1920×1080ರೊಳಗೆ 1888×1062ರ ಶುದ್ಧ ಭಾಗ ಎಂದು ಗುರುತಿಸಿತ್ತು. ಅಂದರೆ ಬದಿಗೆ 16 ಪಿಕ್ಸೆಲ್, ಮೇಲೆ-ಕೆಳಗೆ 9 ಸಾಲು. ಅಷ್ಟು ಕಟ್ಟುನಿಟ್ಟಿನವರೇ 16 ಸಾಕು ಎಂದಿರುವಾಗ 48 ಕತ್ತರಿಸುವುದಕ್ಕೆ ಆಧಾರವೇ ಇಲ್ಲ. ಈಗಿನ ಕಾರ್ಯಕ್ರಮಗಳಲ್ಲಿ ಆ 16 ಕೂಡ ಬಹುಪಾಲು ಶುಚಿಯಾಗಿಯೇ ಇರುತ್ತದೆ. ಅಂಗಡಿಯಿಂದ ಬರುವಾಗಲೇ ಟಿವಿ ಪೂರ್ತಿ ಚಿತ್ರ ತೋರಿಸುವಂತಿದ್ದು, ಬೇಕಾದವರು ಮಾತ್ರ ಓವರ್‌ಸ್ಕ್ಯಾನ್ ಹಾಕಿಕೊಳ್ಳುವಂತಿರಬೇಕು ಎಂದು ನಾನು ವರ್ಷಗಳಿಂದ ಹೇಳುತ್ತಿದ್ದೇನೆ. ಕ್ಯಾಮೆರಾ ಹಿಡಿದವರು ಆ ಚೌಕಟ್ಟನ್ನು ಯೋಚಿಸಿ ಕಟ್ಟಿರುತ್ತಾರೆ. ಹತ್ತನೇ ಒಂದು ಪಾಲು ಕಿತ್ತರೆ ಅವರು ತೋರಿಸಿದ್ದನ್ನು ನೋಡಿದಂತಾಗುವುದಿಲ್ಲ.

ಕೊನೆಗೆ, ಮೆನುವಿನಲ್ಲಿ ಎಲ್ಲ ಹುಡುಕಿದರೂ ಆಯ್ಕೆ ಸಿಗದಿದ್ದರೆ. ಕೆಲವು ಅಗ್ಗದ ಮಾದರಿಗಳಲ್ಲಿ ನಿಜವಾಗಿಯೂ ಇರುವುದಿಲ್ಲ. ರಿಮೋಟಿನ ಗುಂಡಿಗಳನ್ನು ಒಂದು ಕ್ರಮದಲ್ಲಿ ಒತ್ತಿ ಸರ್ವೀಸ್ ಮೆನುಗೆ ಹೋಗುವ ದಾರಿ ತೋರಿಸುವವರು ಸಿಗುತ್ತಾರೆ. ಹೋಗಬೇಡಿ. ಅಲ್ಲಿ ಪ್ಯಾನೆಲ್ ಬಗೆಯ ಒಂದು ಅಂಕಿ ತಪ್ಪಿದರೆ ಪರದೆ ಕಪ್ಪಾಗಿ, ಮೆನು ಕೂಡ ಕಾಣದಂತಾಗುತ್ತದೆ. ಅಂಥ ಸೆಟ್ಟುಗಳು ನನ್ನ ಬೆಂಚಿಗೆ ಬಂದಿವೆ. ಟಿವಿಯಲ್ಲಿ ದಾರಿಯೇ ಇಲ್ಲದಿದ್ದಾಗ ಮಾತ್ರ ಲ್ಯಾಪ್‌ಟಾಪಿನ ಕಡೆ ತಿರುಗಬೇಕು. ಆಗಲೂ ಡೆಸ್ಕ್‌ಟಾಪನ್ನು ಹಿಂಡುವ ಸ್ಲೈಡರ್ ಬೇಡ. ಡೆಸ್ಕ್‌ಟಾಪಿನ ಅಳತೆಯನ್ನೇ 1824×1026 ಮಾಡಿ ಸುತ್ತ ಕಪ್ಪು ಅಂಚು ಬಿಡುವ ಬಗೆ ಬೇಕು. ಎನ್‌ವಿಡಿಯಾದ ಗಾತ್ರ ಬದಲಿಸುವ ಪುಟ ಮಾಡುವುದು ಇದನ್ನೇ. ಆಗ ಅಕ್ಷರಗಳು ಆ ಅಳತೆಗೇ ಹೊಸದಾಗಿ ಮೂಡುತ್ತವೆ. ಹಿಂಡುವ ಹಂತ ತಪ್ಪುತ್ತದೆ, ಟಿವಿಯ ಎಳೆತ ಒಂದೇ ಉಳಿಯುತ್ತದೆ. ಎಷ್ಟು ಅಂಚು ಬಿಡಬೇಕು ಎನ್ನುವುದನ್ನು ಆ ಕೆಂಪು ಗೆರೆಯ ಚಿತ್ರ ಹಾಕಿಕೊಂಡು, ಗೆರೆ ಚೌಕಟ್ಟಿಗೆ ಮುಟ್ಟುವವರೆಗೆ ಒಂದೊಂದೇ ಪಿಕ್ಸೆಲ್ ಸರಿಸುತ್ತಾ ಹೊಂದಿಸಿ.